ರಾತ್ರಿ ಹಡಗಿನಲ್ಲಿ ನಾಯಿ, ಬೆಕ್ಕು, ಕುರಿ

ಬ್ರಿಟನ್ನಿಗೆ ಹಾರುವ ವಿಮಾನದಲ್ಲಿ ಸಾಕುನಾಯಿ ಮನೆಯವರ ಕಾಲಬುಡದಲ್ಲಿ ಕೂರುವಂತಿಲ್ಲ. ಕಣ್ಣು ಕಾಣದವರಿಗೆ ದಾರಿ ತೋರುವಂಥ ಸಹಾಯಕ ನಾಯಿಗಳಿಗಷ್ಟೇ ಆ ಅವಕಾಶ. ಉಳಿದ ನಾಯಿ, ಬೆಕ್ಕುಗಳೆಲ್ಲ ಪೆಟ್ಟಿಗೆಯೊಳಗೆ, ಸರಕಿನ ಲೆಕ್ಕದಲ್ಲಿ, ವಿಮಾನದ ಹೊಟ್ಟೆಯಲ್ಲಿ ಬರಬೇಕು. ಇಳಿದ ಮೇಲೂ ತಪಾಸಣಾ ಕೇಂದ್ರದಲ್ಲಿ ಗಂಟೆಗಟ್ಟಲೆ ಕಾಯಬೇಕು. ಖರ್ಚೂ ಕಡಿಮೆಯೇನಲ್ಲ. ಹೀಗಾಗಿ ಬೆಂಗಳೂರಿನಿಂದ ಲಂಡನ್ನಿಗೋ ಮ್ಯಾಂಚೆಸ್ಟರಿಗೋ ಸಂಸಾರ ಸಮೇತ ಹೊರಟವರ ನಡುವೆ ಇನ್ನೊಂದು ದಾರಿಯ ಮಾತು ಬರುತ್ತದೆ. ಆಮ್‌ಸ್ಟರ್‌ಡ್ಯಾಮಿನವರೆಗೆ ವಿಮಾನ, ಅಲ್ಲಿಂದ ಕಡಲತೀರಕ್ಕೆ ರೈಲು ಅಥವಾ ಕಾರು, ಆಮೇಲೆ ಒಂದು ರಾತ್ರಿ ಹಡಗು. ಆ ಹಡಗಿನಲ್ಲಿ ನಾಯಿ ಮನೆಯವರ ಮಂಚದ ಪಕ್ಕದಲ್ಲೇ ಮಲಗಿ, ಬೆಳಗಾಗುವಷ್ಟರಲ್ಲಿ ಇಂಗ್ಲೆಂಡ್ ಸೇರಬಹುದು.

ಶರಾವತಿ ಹಿನ್ನೀರಿಗೆ 2025ರ ಜುಲೈನಲ್ಲಿ ಸೇತುವೆ ಬರುವವರೆಗೂ ಸಿಗಂದೂರಿಗೆ ಹೋಗುವವರ ಬಸ್ಸು, ಕಾರುಗಳನ್ನು ಹೊತ್ತು ದಾಟಿಸುತ್ತಿದ್ದ ಲಾಂಚನ್ನು ಕಂಡವರಿಗೆ ಕಾರ್ ಫೆರಿ ಎಂದರೇನೆಂದು ಬಿಡಿಸಿ ಹೇಳಬೇಕಿಲ್ಲ. ಕೆಲಸ ಅದೇ, ಗಾತ್ರ ಬೇರೆ. ನೆದರ್‌ಲೆಂಡ್ಸಿನ ಹುಕ್ ಆಫ್ ಹಾಲೆಂಡ್ ಬಂದರಿನಿಂದ ಇಂಗ್ಲೆಂಡಿನ ಹಾರ್ವಿಚ್‌ಗೆ ಓಡಾಡುವ ಸ್ಟೆನಾ ಲೈನ್ ಕಂಪನಿಯ ‘ಸ್ಟೆನಾ ಹಾಲಂಡಿಕಾ’ ಹಡಗಿನ ಉದ್ದ 240 ಮೀಟರ್. ಕೆಳಗಿನ ಅಂತಸ್ತುಗಳಲ್ಲಿ ಲಾರಿ, ಕಾರು. ಮೇಲೆ ನೂರಾರು ಕ್ಯಾಬಿನ್, ಊಟದ ಹಾಲ್, ಅಂಗಡಿ. ರಾತ್ರಿ ಹತ್ತರ ಸುಮಾರಿಗೆ ಹೊರಟರೆ ಬೆಳಗಿನ ಆರೂವರೆ ಹೊತ್ತಿಗೆ ಆಚೆ ದಡ. ಇದಕ್ಕಿಂತ ಉತ್ತರಕ್ಕೆ, ಆಮ್‌ಸ್ಟರ್‌ಡ್ಯಾಮ್ ಬಳಿಯ ಐಮೌಡನ್‌ನಿಂದ ನ್ಯೂಕಾಸಲ್‌ಗೆ ಡಿಎಫ್‌ಡಿಎಸ್ ಕಂಪನಿಯ ‘ಕಿಂಗ್ ಸೀವೇಸ್’, ‘ಪ್ರಿನ್ಸೆಸ್ ಸೀವೇಸ್’ ಎಂಬ ಹಡಗುಗಳು ಹದಿನೈದು ಹದಿನಾರು ಗಂಟೆ ತೆಗೆದುಕೊಂಡು ಸಾಗುತ್ತವೆ. ರೋಟರ್‌ಡ್ಯಾಮಿನಿಂದ ಹಲ್‌ಗೆ ಪಿ ಅಂಡ್ ಒ ಕಂಪನಿಯದು ಇನ್ನೊಂದು ರಾತ್ರಿಯ ದಾರಿ. ಮೂರರಲ್ಲೂ ಪ್ರಾಣಿಗಳಿಗೆ ಪ್ರವೇಶ ಉಂಟು.

ಪ್ರವೇಶ ಉಂಟು ಎಂದ ಮಾತ್ರಕ್ಕೆ ಮುಗಿಯಲಿಲ್ಲ. ರಾತ್ರಿಯಿಡೀ ಅದು ಎಲ್ಲಿರುತ್ತದೆ ಎಂಬುದೇ ಮುಖ್ಯ ಪ್ರಶ್ನೆ.

ಹಡಗು ಹೊರಟ ಮೇಲೆ ವಾಹನಗಳ ಅಂತಸ್ತಿಗೆ ಬೀಗ ಬೀಳುತ್ತದೆ. ಅಲೆ ಜೋರಾದರೆ ಲಾರಿಗಳು ಜರುಗಬಹುದು, ಕತ್ತಲ ಇಕ್ಕಟ್ಟಿನಲ್ಲಿ ಜನ ಸಿಕ್ಕಿಬೀಳಬಹುದು, ಬೆಂಕಿ ಹೊತ್ತಿಕೊಂಡರಂತೂ ಮೊದಲು ಅಪಾಯಕ್ಕೆ ಸಿಗುವುದು ಆ ಅಂತಸ್ತು. 1987ರ ಮಾರ್ಚ್ 6ರಂದು ಬೆಲ್ಜಿಯಮ್ಮಿನ ಜೀಬ್ರುಗ್ಗೆ ಬಂದರಿನಿಂದ ಮುಂಬಾಗಿಲು ಮುಚ್ಚದೆ ಹೊರಟ ‘ಹೆರಾಲ್ಡ್ ಆಫ್ ಫ್ರೀ ಎಂಟರ್‌ಪ್ರೈಸ್’ ಮಗುಚಿ 193 ಮಂದಿ ಸತ್ತದ್ದು ಇದೇ ಕಾರ್ ಡೆಕ್ಕಿಗೆ ನೀರು ನುಗ್ಗಿ. ಹಾಗಾಗಿ ಬೀಗ ಹಾಕುವುದನ್ನು ಯಾರೂ ತಪ್ಪೆನ್ನಲಾರರು. ಆದರೆ ಕಾರಿನಲ್ಲೇ ಉಳಿದ ನಾಯಿಯೂ ಆ ಬೀಗದೊಳಗೇ ಉಳಿಯುತ್ತದೆ.

ಡೋವರ್‌ನಿಂದ ಕ್ಯಾಲೆಗೆ ದಾಟುವುದಕ್ಕೆ ಒಂದೂವರೆ ಗಂಟೆ ಸಾಕು. ಅಷ್ಟು ಹೊತ್ತು ನಾಯಿ ತನ್ನದೇ ಕಾರಿನ ಹಿಂದಿನ ಸೀಟಿನಲ್ಲಿ, ತನ್ನದೇ ಹೊದಿಕೆಯ ಮೇಲೆ ಮಲಗಿದ್ದರೆ ದೊಡ್ಡ ತೊಂದರೆಯಿಲ್ಲ. ರಾತ್ರಿ ಪ್ರಯಾಣದ ಮಾತು ಹಾಗಲ್ಲ. ಕೆಳಗೆ ಎಂಜಿನ್ನಿನ ಅದುರು ನಿಲ್ಲುವುದೇ ಇಲ್ಲ. ಶೀತಲ ಲಾರಿಗಳ ಯಂತ್ರಗಳು ರಾತ್ರಿಯೆಲ್ಲ ಗುಂಯ್ಗುಡುತ್ತವೆ, ವಾಹನಗಳನ್ನು ಬಿಗಿದ ಸರಪಳಿಗಳು ಕಿರುಗುಟ್ಟುತ್ತವೆ, ಯಾವುದೋ ಕಾರಿನ ಅಲಾರಂ ಹೊಡೆದುಕೊಂಡರೆ ಆರಿಸಲು ಯಾರೂ ಬರುವುದಿಲ್ಲ. ಒಳಗಿರುವ ನಾಯಿ ಮಿಸುಕಿದರೂ ಅಲಾರಂ ಕೂಗುವುದರಿಂದ ಅದನ್ನು ಆಫ್ ಮಾಡಿಯೇ ಮೇಲೆ ಬನ್ನಿ ಎಂದು ಸಿಬ್ಬಂದಿ ಹೇಳುತ್ತಾರೆ. ಬೇಸಿಗೆಯಲ್ಲಿ ಸೆಕೆ ಬೇರೆ. ಹನ್ನೆರಡು ಗಂಟೆ ಇದೆಲ್ಲವನ್ನೂ ಒಂಟಿಯಾಗಿ ಕೇಳಿಸಿಕೊಂಡು ಕೂರುವುದು ನಾಯಿಗೆ ಶಿಕ್ಷೆಯೇ. ಬೇರೆ ಏರ್ಪಾಡಿರುವ ಹಡಗಿನಲ್ಲಿ ನಾಲ್ಕು ಕಾಸು ಉಳಿಸಲೆಂದು ಅದನ್ನು ಕಾರಿನಲ್ಲಿ ಬಿಟ್ಟು ಬರುವುದು ಸರಿಯಲ್ಲ.

ಬೇರೆ ಏರ್ಪಾಡು ಎರಡು ಬಗೆಯದು. ಒಂದು, ಹಡಗಿನಲ್ಲಿ ಪ್ರತ್ಯೇಕವಾಗಿ ಕಟ್ಟಿದ ನಾಯಿಗೂಡುಗಳು. ಮನೆಯವರು ಆಗಾಗ ಹೋಗಿ ನೋಡಿಕೊಂಡು, ನೀರು ಕೊಟ್ಟು, ಡೆಕ್ಕಿನಲ್ಲಿ ಒಂದು ಸುತ್ತು ಹಾಕಿಸಬಹುದು. ಇನ್ನೊಂದು, ಪ್ರಾಣಿಗಳಿಗೆಂದೇ ಮೀಸಲಿಟ್ಟ ಕ್ಯಾಬಿನ್. ನೆಲಕ್ಕೆ ಕಾರ್ಪೆಟ್ ಬದಲು ಒರೆಸಿದರೆ ಶುಚಿಯಾಗುವ ಹಾಸು, ಉಳಿದದ್ದೆಲ್ಲ ಮಾಮೂಲಿ: ಎರಡೋ ನಾಲ್ಕೋ ಮಂಚ, ಸಣ್ಣ ಸ್ನಾನದ ಮನೆ. ಇಂಥ ಕ್ಯಾಬಿನ್‌ಗಳು ಹಡಗಿಗೆ ಕೆಲವೇ ಇರುವುದರಿಂದ ರಜಾ ದಿನಗಳಿಗೆ ತಿಂಗಳುಗಟ್ಟಲೆ ಮೊದಲೇ ಮುಗಿದುಹೋಗುತ್ತವೆ. ಅನುಭವಸ್ಥರು ಮೊದಲು ನಾಯಿಯ ಕ್ಯಾಬಿನ್ ಯಾವತ್ತು ಸಿಗುತ್ತದೆಂದು ನೋಡಿ, ಆಮೇಲೆ ತಮ್ಮ ರಜೆ ಹಾಕುತ್ತಾರೆ.

ಈ ಕ್ಯಾಬಿನ್‌ಗಳಿಗೆ ಹೆಸರಾದ ಕಂಪನಿಗಳಲ್ಲಿ ಫ್ರಾನ್ಸಿನ ಬ್ರಿಟನಿ ಫೆರೀಸ್ ಒಂದು. ಅದರ ಹುಟ್ಟೇ ಸ್ವಾರಸ್ಯದ್ದು. ಬ್ರಿಟನಿ ಪ್ರಾಂತ್ಯದ ತರಕಾರಿ ಬೆಳೆಗಾರರು ಅಲೆಕ್ಸಿ ಗೂರ್ವೆನೆಕ್ ಎಂಬ ರೈತ ಮುಖಂಡನ ನೇತೃತ್ವದಲ್ಲಿ, ತಮ್ಮ ಹೂಕೋಸು, ಆರ್ಟಿಚೋಕ್‌ಗಳನ್ನು ಇಂಗ್ಲೆಂಡಿನ ಮಾರುಕಟ್ಟೆಗೆ ಸಾಗಿಸಲು 1973ರ ಜನವರಿಯಲ್ಲಿ ರಾಸ್ಕಾಫ್‌ನಿಂದ ಪ್ಲಿಮತ್‌ಗೆ ಹಡಗು ಓಡಿಸತೊಡಗಿದರು. ಈಗ ಅದರ ‘ಪಾಂಟ್-ಅವೆನ್’, ‘ಗಲೀಸಿಯಾ’, ‘ಸಲಮಾಂಕಾ’ ಮುಂತಾದ ಹಡಗುಗಳು ಇಂಗ್ಲೆಂಡಿನಿಂದ ಸ್ಪೇನಿನ ಸಾಂತಾಂದೇರ್, ಬಿಲ್ಬಾವೊಗಳವರೆಗೆ ಹೋಗುತ್ತವೆ. ಪೋರ್ಟ್ಸ್‌ಮತ್‌ನಿಂದ ಹೊರಟರೆ ಹೆಚ್ಚುಕಡಿಮೆ ಮೂವತ್ತು ಗಂಟೆಯ ಪಯಣ, ಅದೂ ಬಿಸ್ಕೆ ಕೊಲ್ಲಿಯ ಮೇಲೆ. ಚಳಿಗಾಲ ಕಳೆಯಲು ಸ್ಪೇನಿಗೆ ಹೋಗುವ ಬ್ರಿಟಿಷ್ ನಿವೃತ್ತರಿಗೆ ಇದು ಅನುಕೂಲದ ದಾರಿ. ನಾಯಿಯನ್ನು ಕೂರಿಸಿಕೊಂಡು ಫ್ರಾನ್ಸಿನ ಉದ್ದಕ್ಕೂ ಕಾರು ಓಡಿಸುವುದು ತಪ್ಪುತ್ತದೆ.

ಹತ್ತುವ ಹೊತ್ತಿನ ಕ್ರಮ ಹೀಗಿರುತ್ತದೆ. ಸಂಜೆ ಬಂದರಿನ ಸಾಲಿನಲ್ಲಿ ಕಾರು ಕೌಂಟರಿಗೆ ಬಂದಾಗ ಮನುಷ್ಯರ ಪಾಸ್‌ಪೋರ್ಟಿನ ಜೊತೆ ಪ್ರಾಣಿಯ ಕಾಗದವನ್ನೂ ಕೊಡಬೇಕು. ಸಿಬ್ಬಂದಿ ಕೈಯಳತೆಯ ಒಂದು ಸ್ಕ್ಯಾನರ್ ಕೊಡುತ್ತಾರೆ. ಹಲವು ಕಡೆ ಅದನ್ನು ನಾಯಿಯ ಮೇಲೆ ಆಡಿಸುವವರು ಮನೆಯವರೇ, ಗುರುತಿಲ್ಲದ ಕೈ ಮುಂದೆ ಬಂದರೆ ನಾಯಿ ಬೆದರೀತೆಂದು. ಕುತ್ತಿಗೆಯ ಹಿಂದೆ, ಭುಜಗಳ ನಡುವೆ, ಚರ್ಮದಡಿಯಲ್ಲಿ ಅಕ್ಕಿಕಾಳಿನ ಗಾತ್ರದ ಮೈಕ್ರೋಚಿಪ್ ಇರುತ್ತದೆ. ಸ್ಕ್ಯಾನರ್ ‘ಬೀಪ್’ ಎಂದು ಹದಿನೈದು ಅಂಕಿಗಳ ಸಂಖ್ಯೆ ತೋರಿಸುತ್ತದೆ, ಅದು ಕಾಗದದಲ್ಲಿರುವುದಕ್ಕೆ ಅಂಕಿಗೆ ಅಂಕಿ ತಾಳೆಯಾಗಬೇಕು. ಚಿಪ್ ಕೆಲವೊಮ್ಮೆ ಬೆನ್ನಿನಿಂದ ಮುಂಗಾಲಿನ ಕಡೆಗೆ ಸರಿದಿರುತ್ತದೆ. ಆಗ ಸ್ಕ್ಯಾನರ್ ಮಿಡಿಯುವವರೆಗೂ ಮೈಯೆಲ್ಲ ಹುಡುಕಬೇಕು. ಹೊರಡುವ ಮೊದಲು ಊರಿನ ಪಶುವೈದ್ಯರ ಹತ್ತಿರ ಒಮ್ಮೆ ಓದಿಸಿಕೊಂಡು ಬಂದವರು ಈ ಗಾಬರಿಯಿಂದ ಪಾರು.

ನಾಯಿಗೆ ನಿಜವಾದ ಪರೀಕ್ಷೆ ಶುರುವಾಗುವುದು ಕಾರಿನಿಂದ ಕ್ಯಾಬಿನ್ನಿಗೆ ಹೋಗುವ ದಾರಿಯಲ್ಲಿ. ಎಣ್ಣೆಯ ವಾಸನೆ, ಉಕ್ಕಿನ ಮೆಟ್ಟಿಲು, ಜನ ತುಂಬಿದ ಲಿಫ್ಟು, ಒಂದೇ ರೀತಿಯ ಬಾಗಿಲುಗಳ ಉದ್ದನೆಯ ಓಣಿ. ಕೆಲವು ಕಂಪನಿಗಳು ಈ ದಾರಿಯುದ್ದಕ್ಕೂ ನಾಯಿಯ ಬಾಯಿಗೆ ಕುಕ್ಕೆ ಹಾಕಿರಲೇಬೇಕೆನ್ನುತ್ತವೆ. ಎಂದೂ ಕುಕ್ಕೆ ಕಾಣದ ಸಾಧು ನಾಯಿಗೆ ಅದನ್ನು ಬಂದರಿನಲ್ಲೇ ಮೊದಲ ಬಾರಿ ತೊಡಿಸಹೊರಟರೆ ರಂಪವಾಗುತ್ತದೆ. ವಾರಗಳ ಮೊದಲಿನಿಂದ ಮನೆಯಲ್ಲಿ ದಿನಕ್ಕೆ ಐದು ನಿಮಿಷ, ತಿಂಡಿಯ ಆಸೆ ತೋರಿಸಿ ರೂಢಿ ಮಾಡಿಸಿದರೆ ಅದೊಂದು ವಿಷಯವೇ ಆಗುವುದಿಲ್ಲ.

ಆಮೇಲಿನದು ಒಂದಕ್ಕೆ, ಎರಡಕ್ಕೆ ಹೋಗುವ ಸಮಸ್ಯೆ. ರಾತ್ರಿ ಹಡಗಿನ ಬಗ್ಗೆ ನಾಯಿ ಸಾಕಿದವರನ್ನು ಕೇಳಿದರೆ ಹತ್ತರಲ್ಲಿ ಒಂಬತ್ತು ಮಂದಿ ಎತ್ತುವುದು ಇದೇ ಮಾತನ್ನು. ಹಡಗಿನ ಹೊರಡೆಕ್ಕಿನಲ್ಲಿ ನಾಯಿಗಳಿಗೆಂದು ಒಂದು ಜಾಗ ಗುರುತಿಸಿರುತ್ತಾರೆ. ಸ್ಟಾಕ್‌ಹೋಮ್‌ನಿಂದ ಫಿನ್‌ಲೆಂಡಿಗೆ ಓಡಾಡುವ ಹಡಗುಗಳಲ್ಲಿ ಮರಳು ತುಂಬಿದ ತೊಟ್ಟಿಯನ್ನೇ ಇಡುವುದುಂಟು. ಬೇರೆ ಕಡೆ ಬರೀ ಬಣ್ಣ ಹೊಡೆದ ಉಕ್ಕಿನ ನೆಲ, ಪಕ್ಕದಲ್ಲಿ ನೀರಿನ ಕೊಳವೆ, ಚೀಲಗಳ ಡಬ್ಬಿ. ಜೀವಮಾನವಿಡೀ ಹುಲ್ಲಿನ ಮೇಲೆ, ಮರದ ಬುಡದಲ್ಲಿ ಹೋಗಿ ಅಭ್ಯಾಸವಾದ ನಾಯಿಗೆ ಅದುರುವ ಆ ನೆಲ ಕಕ್ಕಸೆಂದು ಹೊಳೆಯುವುದೇ ಇಲ್ಲ. ಗಾಳಿ ಬೀಸುತ್ತಿರುತ್ತದೆ, ಕೆಳಗೆ ಕಪ್ಪು ನೀರು. ನಾಯಿ ಮೂಸುತ್ತದೆ, ತಿರುಗುತ್ತದೆ, ಮನೆಯವರ ಮುಖ ನೋಡುತ್ತದೆ, ಮತ್ತೆ ಬಾಗಿಲ ಕಡೆ ಎಳೆಯುತ್ತದೆ. ಮನೆಯಲ್ಲಿ ಶಿಸ್ತಾಗಿ ಬೆಳೆದ ನಾಯಿಗಳೇ ಹೆಚ್ಚು ಕಷ್ಟಪಡುತ್ತವೆ, ಬೆಳಗಿನವರೆಗೂ ತಡೆದುಕೊಂಡೇ ಇದ್ದುಬಿಡುತ್ತವೆ. ಇದಕ್ಕೆ ಬಳಕೆಯಲ್ಲಿರುವ ಉಪಾಯ ಸರಳ: ಹಿತ್ತಲಿನ ಹುಲ್ಲುಹಾಸಿನ ತುಂಡನ್ನೋ, ಮರಿಗಳಿಗೆ ಹಾಸುವ ಪ್ಯಾಡನ್ನೋ ಟ್ರೇನಲ್ಲಿಟ್ಟು ಒಯ್ಯುವುದು. ‘ಹೋಗು’ ಎಂದರೆ ಹೋಗುವಂತೆ ಒಂದು ಮಾತನ್ನು ಮೊದಲೇ ಕಲಿಸಿಟ್ಟವರೂ ಇದ್ದಾರೆ. ಹಡಗು ಹತ್ತುವ ಮುನ್ನ ಬಂದರಿನ ಹತ್ತಿರದ ಹುಲ್ಲುಗಾವಲಿನಲ್ಲಿ ಒಂದು ಗಂಟೆ ಚೆನ್ನಾಗಿ ಅಡ್ಡಾಡಿಸುವುದಂತೂ ಎಲ್ಲಕ್ಕಿಂತ ದೊಡ್ಡ ಉಪಕಾರ.

ಬೆಕ್ಕಿನ ಪ್ರಶ್ನೆ ಬೇರೆ. ಅದಕ್ಕೆ ಡೆಕ್ಕೂ ಬೇಡ, ಓಡಾಟವೂ ಬೇಡ. ಮುಚ್ಚಿದ ಬುಟ್ಟಿ, ಮನೆಯ ವಾಸನೆಯಿರುವ ಹಳೆಯ ಟವೆಲ್, ಮರಳಿನ ತಟ್ಟೆ ಇಷ್ಟಿದ್ದರೆ ಕ್ಯಾಬಿನ್ನಿನ ಮೂಲೆಯಲ್ಲಿ ರಾತ್ರಿ ಕಳೆಯುತ್ತದೆ. ಬಾಗಿಲು ತೆಗೆಯುವಾಗ ಮಾತ್ರ ಎಚ್ಚರ ಬೇಕು. ಆರೇಳು ಅಂತಸ್ತಿನ ಹಡಗಿನಲ್ಲಿ ತಪ್ಪಿಸಿಕೊಂಡ ಬೆಕ್ಕನ್ನು ಹುಡುಕುವುದು ಹೇಳಿದಷ್ಟು ಸುಲಭವಲ್ಲ.

ಹಡಗಿನ ತೂಗಾಟಕ್ಕೆ ನಾಯಿಗೂ ವಾಂತಿಯಾಗುತ್ತದೆ. ಕಿವಿಯೊಳಗಿನ ಸಮತೋಲನದ ಅಂಗ ಪೂರ್ತಿ ಬಲಿತಿರದ ಮರಿಗಳಿಗೆ ಹೆಚ್ಚು, ದೊಡ್ಡವಾದ ಹಾಗೆ ಎಷ್ಟೋ ನಾಯಿಗಳಿಗೆ ಕಡಿಮೆಯಾಗುತ್ತದೆ. ಸುಮ್ಮನೆ ಜೊಲ್ಲು ಸುರಿಸುವುದು, ಪದೇ ಪದೇ ಆಕಳಿಸುವುದು, ತುಟಿ ನೆಕ್ಕಿಕೊಳ್ಳುವುದು ಅದರ ಮುನ್ಸೂಚನೆ. ಹೊರಡುವ ಕೆಲವು ಗಂಟೆ ಮೊದಲೇ ಹಗುರ ಊಟ ಮುಗಿಸಿ, ನೀರು ಮಾತ್ರ ಕೊಡುತ್ತಿರುವುದು ಸಾಮಾನ್ಯ ಸಲಹೆ. ಮಾರೋಪಿಟಂಟ್ ಎಂಬ ಔಷಧ ನಾಯಿಗಳ ಪ್ರಯಾಣದ ವಾಂತಿಗೆಂದೇ ಇದೆ, ಪಶುವೈದ್ಯರು ತೂಕ ನೋಡಿ ಬರೆದುಕೊಡುತ್ತಾರೆ. ಮಂಪರು ಬರಿಸುವ ಮಾತ್ರೆಯ ವಿಷಯದಲ್ಲಿ ಅವರ ನಿಲುವು ಕಟ್ಟುನಿಟ್ಟು. ಮಂಪರಿನಲ್ಲಿರುವ ಪ್ರಾಣಿಗೆ ಮೈಯ ಬಿಸಿಯನ್ನು ಹದದಲ್ಲಿಟ್ಟುಕೊಳ್ಳುವುದು ಕಷ್ಟ, ಅಲುಗುವ ನೆಲದ ಮೇಲೆ ಕಾಲೂರಿ ನಿಲ್ಲುವುದೂ ಕಷ್ಟ. ಅದರ ಸಂಕಟ ಹೊರಗೆ ಕಾಣುವುದಿಲ್ಲ ಅಷ್ಟೇ, ಒಳಗೆ ಇರುತ್ತದೆ. ಮನೆಯವರಿಗೆ ನಿದ್ದೆ ಬರಲೆಂದು ನಾಯಿಗೆ ಮಾತ್ರೆ ನುಂಗಿಸಬಾರದು.

ಇವತ್ತು ಇಷ್ಟು ಸಲೀಸಾಗಿ ನಡೆಯುವ ಈ ಪ್ರಯಾಣ 2000ನೇ ಇಸವಿಯ ಫೆಬ್ರವರಿ 28ರವರೆಗೆ ಆಗದ ಮಾತಾಗಿತ್ತು. ಅಲ್ಲಿಯವರೆಗೆ ಯುರೋಪಿನಿಂದ ಬ್ರಿಟನ್ನಿಗೆ ಕಾಲಿಟ್ಟ ಪ್ರತಿಯೊಂದು ನಾಯಿ, ಬೆಕ್ಕೂ ಆರು ತಿಂಗಳು ಕ್ವಾರಂಟೈನ್ ಗೂಡಿನಲ್ಲಿರಬೇಕಿತ್ತು. ಕಾರಣ ರೇಬೀಸ್, ನಮ್ಮ ಮಾತಿನಲ್ಲಿ ಹುಚ್ಚುನಾಯಿ ರೋಗ. ಬ್ರಿಟನ್ ಇದನ್ನು 1902ರ ಹೊತ್ತಿಗೆ ತೊಡೆದುಹಾಕಿತ್ತು. ಮೊದಲ ಮಹಾಯುದ್ಧದಿಂದ ಮರಳಿದ ಸೈನಿಕರು ಕದ್ದು ತಂದ ನಾಯಿಗಳಿಂದ ಅದು 1918ರಲ್ಲಿ ಮತ್ತೆ ಬಂತು, ಓಡಿಸಲು 1922ರವರೆಗೆ ಹಿಡಿಯಿತು. ಸುತ್ತ ಸಮುದ್ರವಿರುವ ದೇಶ ಆ ಸಮುದ್ರವನ್ನೇ ಬೇಲಿಯಾಗಿ ನಂಬಿತು.

1969ರಲ್ಲಿ ಆ ನಂಬಿಕೆ ಅಲ್ಲಾಡಿತು. ಜರ್ಮನಿಯಿಂದ ಬಂದ ಫ್ರಿಟ್ಜ್ ಎಂಬ ನಾಯಿ ಆರು ತಿಂಗಳ ಕ್ವಾರಂಟೈನ್ ಮುಗಿಸಿ, ಲಂಡನ್ನಿಗೆ ದೂರವಲ್ಲದ ಕ್ಯಾಂಬರ್ಲಿ ಎಂಬ ಊರಿನ ಮನೆಗೆ ಹೋದ ಕೆಲವೇ ದಿನಗಳಲ್ಲಿ ಹುಚ್ಚು ಹಿಡಿದು ಜನರನ್ನು ಕಚ್ಚಿತು. ರೋಗ ಕಾಡುಪ್ರಾಣಿಗಳಿಗೆ ಹಬ್ಬೀತೆಂಬ ಭಯದಲ್ಲಿ ಸುತ್ತಲಿನ ಪೊದೆಗಾಡಿನ ನರಿಗಳನ್ನು ಬೆನ್ನಟ್ಟಿ ಕೊಂದರು. ಆರು ತಿಂಗಳು ಕೂಡಿಹಾಕಿದರೂ ರೋಗ ನುಸುಳಬಹುದೆಂದು ಗೊತ್ತಾದ ಮೇಲೆ ಕ್ವಾರಂಟೈನಿನ ಜೊತೆಗೆ ಲಸಿಕೆಯೂ ಕಡ್ಡಾಯವಾಯಿತು.

ಬದಲಾವಣೆಯ ಬೀಜ ಬಿದ್ದದ್ದು ಬ್ರಿಟನ್ನಿನ ಹೊರಗೆ. 1978ರಲ್ಲಿ ಸ್ವಿಟ್ಜರ್‌ಲೆಂಡಿನ ವಿಜ್ಞಾನಿಗಳು ಕೋಳಿತಲೆಗಳಲ್ಲಿ ರೇಬೀಸ್ ಲಸಿಕೆ ಅಡಗಿಸಿ ರೋನ್ ಕಣಿವೆಯ ಕಾಡಿನಲ್ಲಿ ಎಸೆದರು. ಅದನ್ನು ತಿಂದ ನರಿಗಳಿಗೆ ರೋಗನಿರೋಧ ಬಂತು. ಪ್ರಯೋಗ ಫಲಿಸಿ, ದೇಶದಿಂದ ದೇಶಕ್ಕೆ ಹರಡಿ, ಪಶ್ಚಿಮ ಯುರೋಪಿನ ನರಿಗಳಲ್ಲೇ ರೇಬೀಸ್ ಅಡಗಿಹೋಯಿತು. ಆಮೇಲೆ ಲಸಿಕೆ ಹಾಕಿದ ಫ್ರೆಂಚ್ ನಾಯಿಯನ್ನು ಆರು ತಿಂಗಳು ಕೂಡಿಹಾಕುವುದಕ್ಕೆ ಅರ್ಥ ಉಳಿಯಲಿಲ್ಲ. ಬ್ರಿಟಿಷ್ ರಾಯಭಾರಿಯೊಬ್ಬರ ಪತ್ನಿ ಲೇಡಿ ಫ್ರೆಟ್ವೆಲ್ ‘ಪಾಸ್‌ಪೋರ್ಟ್ಸ್ ಫಾರ್ ಪೆಟ್ಸ್’ ಚಳವಳಿ ಹೂಡಿದರು. ಹಾಂಗ್‌ಕಾಂಗಿನ ಕೊನೆಯ ಬ್ರಿಟಿಷ್ ಗವರ್ನರ್ ಕ್ರಿಸ್ ಪ್ಯಾಟನ್ 1997ರಲ್ಲಿ ಅಧಿಕಾರ ಬಿಟ್ಟು ಬರುವಾಗ ತಮ್ಮ ಎರಡು ಟೆರಿಯರ್ ನಾಯಿಗಳನ್ನು ಸ್ವದೇಶದ ಗೂಡಿಗೆ ಕಳಿಸಲೊಪ್ಪದೆ ಫ್ರಾನ್ಸಿಗೆ ಒಯ್ದರು. 1998ರಲ್ಲಿ ಪ್ರೊಫೆಸರ್ ಇಯಾನ್ ಕೆನಡಿ ಅಧ್ಯಕ್ಷತೆಯ ಸಮಿತಿ ಹಳೆಯ ಪದ್ಧತಿ ಬಿಡಬಹುದೆಂದು ವರದಿ ಕೊಟ್ಟಿತು. ಎರಡು ವರ್ಷದಲ್ಲಿ ಹಡಗುಗಳ ಬಾಗಿಲು ನಾಯಿಗಳಿಗೆ ತೆರೆಯಿತು.

ಈಗಿನ ನಿಯಮಗಳ ತಿರುಳು ಇಷ್ಟು. ಮೊದಲು ಮೈಕ್ರೋಚಿಪ್, ಆಮೇಲೆ ರೇಬೀಸ್ ಲಸಿಕೆ. ಈ ಅನುಕ್ರಮ ತಪ್ಪಿದರೆ ಲಸಿಕೆ ಲೆಕ್ಕಕ್ಕೆ ಬರುವುದಿಲ್ಲ. ಲಸಿಕೆ ಹಾಕಿಸಲು ಮರಿಗೆ ಕನಿಷ್ಠ ಹನ್ನೆರಡು ವಾರ ಆಗಿರಬೇಕು, ಹಾಕಿಸಿದ ಮೇಲೆ 21 ದಿನ ಕಾಯಬೇಕು. ಬ್ರಿಟನ್ನಿಗೆ ಬರುವ ನಾಯಿಗೆ ಲಾಡಿಹುಳುವಿನ ಔಷಧವನ್ನೂ ಪಶುವೈದ್ಯರೇ ಕೊಟ್ಟು ತಾರೀಖು, ಗಂಟೆ ಬರೆದಿರಬೇಕು. ದಡ ಸೇರುವುದಕ್ಕೆ 24 ಗಂಟೆಗಿಂತ ಹತ್ತಿರವೂ ಆಗಬಾರದು, 120 ಗಂಟೆಗಿಂತ ಹಿಂದೆಯೂ ಆಗಬಾರದು. ನರಿ, ನಾಯಿಗಳಿಂದ ಮನುಷ್ಯರ ಪಿತ್ತಜನಕಾಂಗಕ್ಕೆ ದಾಟುವ ಒಂದು ಜಾತಿಯ ಹುಳು ಬ್ರಿಟನ್ನಿನಲ್ಲಿಲ್ಲ, ಫಿನ್‌ಲೆಂಡ್, ಐರ್‌ಲೆಂಡ್, ಮಾಲ್ಟಾ, ನಾರ್ವೆಗಳಲ್ಲೂ ಇದೇ ಕಾವಲಿದೆ. ಕಾಗದದಲ್ಲಿ ಗಂಟೆ ಬರೆಯಲು ಮರೆತ ಒಂದು ತಪ್ಪಿಗೆ ಹಡಗು ತಪ್ಪಿಸಿಕೊಂಡವರು ಪ್ರತಿ ಬಂದರಿನಲ್ಲೂ ಸಿಗುತ್ತಾರೆ.

ಬ್ರೆಕ್ಸಿಟ್ ಈ ಸಲೀಸನ್ನು ಸ್ವಲ್ಪ ಕೆಡಿಸಿತು. 2021ರ ಜನವರಿ 1ರಿಂದ ಬ್ರಿಟನ್ನಿನಲ್ಲಿ ಕೊಟ್ಟ ಪ್ರಾಣಿ ಪಾಸ್‌ಪೋರ್ಟಿಗೆ ಯುರೋಪಿನಲ್ಲಿ ಬೆಲೆ ಹೋಯಿತು. ಪ್ರತಿ ಪ್ರಯಾಣಕ್ಕೂ ಮೊದಲಿನ ಹತ್ತು ದಿನದೊಳಗೆ ಪಶುವೈದ್ಯರಿಂದ ಹೊಸ ಆರೋಗ್ಯ ಪ್ರಮಾಣಪತ್ರ ಮಾಡಿಸಬೇಕಾಯಿತು. 2025ರ ಮೇ ತಿಂಗಳಲ್ಲಿ ಬ್ರಿಟನ್ನೂ ಐರೋಪ್ಯ ಒಕ್ಕೂಟವೂ ಪಾಸ್‌ಪೋರ್ಟ್ ಪದ್ಧತಿಗೆ ಮರಳಲು ತಾತ್ವಿಕವಾಗಿ ಒಪ್ಪಿಕೊಂಡಿವೆ.

ಭಾರತದಿಂದ ಹೊರಟ ನಾಯಿಗೆ ಕಟ್ಟಳೆ ಇನ್ನೂ ಬಿಗಿ. ನಮ್ಮಲ್ಲಿ ರೇಬೀಸ್ ಇನ್ನೂ ಜನರನ್ನು ಕೊಲ್ಲುತ್ತಿರುವುದರಿಂದ ಇದು ಅನ್ಯಾಯವೇನಲ್ಲ. ಚಿಪ್, ಲಸಿಕೆ ಆದ ಮೇಲೆ ಕನಿಷ್ಠ 30 ದಿನ ಬಿಟ್ಟು ರಕ್ತ ತೆಗೆದು, ಮಾನ್ಯತೆ ಪಡೆದ ಪ್ರಯೋಗಾಲಯದಲ್ಲಿ ಪರೀಕ್ಷೆಯಾಗಬೇಕು. ರೋಗನಿರೋಧದ ಪ್ರಮಾಣ ಮಿಲಿಲೀಟರಿಗೆ 0.5 ಅಂತರರಾಷ್ಟ್ರೀಯ ಯೂನಿಟ್‌ಗಿಂತ ಕಡಿಮೆಯಿರಬಾರದು. ರಕ್ತ ತೆಗೆದ ದಿನದಿಂದ ಮೂರು ತಿಂಗಳು ಕಾದ ಮೇಲಷ್ಟೇ ಪ್ರಯಾಣ. ಹೊರಡುವಾಗ ಕೇಂದ್ರ ಸರ್ಕಾರದ ಪ್ರಾಣಿ ಕ್ವಾರಂಟೈನ್ ಸೇವೆಯ ಬೆಂಗಳೂರು ಕಚೇರಿಯ ಪ್ರಮಾಣಪತ್ರವೂ ಬೇಕು. ಎಲ್ಲ ಸೇರಿ ನಾಲ್ಕೈದು ತಿಂಗಳ ಕೆಲಸ. ಮುಂದಿನ ತಿಂಗಳು ಕೆಲಸಕ್ಕೆ ಸೇರಬೇಕೆಂಬ ಪತ್ರ ಕೈಗೆ ಬಂದಾಗ ನಾಯಿಯ ನೆನಪಾದರೆ ತಡವಾಗಿಹೋಗಿರುತ್ತದೆ. ಕಾಗದ ಸರಿಯಿದ್ದವರಿಗೆ ಮುಂದಿನ ದಾರಿ ಸುಗಮ: ಡಚ್ ರೈಲುಗಳಲ್ಲಿ ನಾಯಿಗೆ ಜಾಗವಿದೆ, ರೋಟರ್‌ಡ್ಯಾಮ್ ಮೆಟ್ರೊ 2019ರಿಂದ ಹುಕ್ ಆಫ್ ಹಾಲೆಂಡಿನವರೆಗೂ ಓಡುತ್ತದೆ, ಕಾರಿಲ್ಲದೆ ನಡೆದು ಬರುವ ಪ್ರಯಾಣಿಕರ ನಾಯಿಯನ್ನೂ ಆ ಹಡಗು ಹತ್ತಿಸಿಕೊಳ್ಳುತ್ತದೆ, ಹಾರ್ವಿಚ್‌ನಲ್ಲಿ ಇಳಿದರೆ ಲಂಡನ್ ರೈಲು ಬಂದರಿನ ಪಕ್ಕದಲ್ಲೇ. ನಡುವೆ ಲಾಡಿಹುಳುವಿನ ಔಷಧಕ್ಕೆ ಒಂದೆರಡು ದಿನ ನೆದರ್‌ಲೆಂಡ್ಸಿನಲ್ಲಿ ತಂಗುವ ಲೆಕ್ಕ ಇಟ್ಟುಕೊಂಡಿರಬೇಕು.

ಎಲ್ಲ ದೇಶದ ಹಡಗೂ ಒಂದೇ ತರಹವಿಲ್ಲ. ಅಮೆರಿಕದ ಬೆಲ್ಲಿಂಗ್‌ಹ್ಯಾಮಿನಿಂದ ಅಲಾಸ್ಕಾದ ಕೆಚಿಕಾನ್‌ಗೆ ಒಂದೂವರೆ ದಿನ ಸಾಗುವ ಸರ್ಕಾರಿ ಫೆರಿಯಲ್ಲಿ ನಾಯಿ ಕಾರ್ ಡೆಕ್ಕಿನಲ್ಲೇ ಇರಬೇಕು. ದಿನಕ್ಕೆ ಕೆಲವು ಬಾರಿ ಧ್ವನಿವರ್ಧಕದಲ್ಲಿ ಕರೆ ಬರುತ್ತದೆ, ಜನ ಕೆಳಗಿಳಿದು ಸುಮಾರು ಕಾಲು ಗಂಟೆಯಲ್ಲಿ ನಾಯಿಗೆ ಊಟ, ನೀರು, ಓಡಾಟ ಎಲ್ಲ ಮುಗಿಸಿ ಮೇಲೆ ಬರಬೇಕು. ಗ್ರೀಸ್, ಇಟಲಿ ನಡುವಿನ ಕೆಲವು ಹಡಗುಗಳಲ್ಲಿ ಬೇಸಿಗೆಯಲ್ಲಿ ತೆರೆದ ಡೆಕ್ಕಿನ ಮೇಲೆ ನಿಲ್ಲಿಸಿದ ತಮ್ಮ ಕ್ಯಾಂಪರ್ ವ್ಯಾನಿನಲ್ಲೇ ಮಲಗುವ ಪದ್ಧತಿ ಇದೆ. ನಾಯಿಯ ಪಾಲಿಗೆ ಅದು ಮನೆಯಿಂದ ಹೊರಬಿದ್ದಂತೆಯೇ ಅಲ್ಲ. ಐಸ್‌ಲೆಂಡಿಗೆ ವಾರಕ್ಕೊಮ್ಮೆ ಕಾರ್ ಫೆರಿ ಹೋಗುತ್ತದಾದರೂ ಸಾಕುಪ್ರಾಣಿಗಳನ್ನು ಆ ದಾರಿಯಲ್ಲಿ ತರುವಂತಿಲ್ಲ, ಕ್ವಾರಂಟೈನ್ ತಪ್ಪುವುದಿಲ್ಲ. ಆ ದೇಶದ ಕುದುರೆ ಒಮ್ಮೆ ಗಡಿ ದಾಟಿ ಹೊರಗೆ ಹೋದರೆ ಮತ್ತೆಂದೂ ಮರಳುವಂತಿಲ್ಲ.

ಕ್ಯಾಬಿನ್ ಸಿಗದ ಪ್ರಾಣಿಗಳದು ಬೇರೆಯೇ ಕಥೆ. ಕುದುರೆ, ದನ, ಕುರಿಗಳು ಹೋಗುವುದು ಟ್ರಕ್ಕುಗಳಲ್ಲಿ, ಕೆಳಗಿನ ಅಂತಸ್ತಿನಲ್ಲಿ. 2018ರ ಜನವರಿಯಲ್ಲಿ ಟಾಸ್ಮೇನಿಯಾದಿಂದ ಆಸ್ಟ್ರೇಲಿಯಾದ ಮುಖ್ಯಭೂಮಿಗೆ ರಾತ್ರಿ ಫೆರಿಯಲ್ಲಿ ಹೊರಟ ಹದಿನೆಂಟು ಪೋಲೋ ಕುದುರೆಗಳಲ್ಲಿ ಹದಿನಾರು ಸತ್ತವು. ಮುಚ್ಚಿದ ವಾಹನದೊಳಗೆ ಗಾಳಿ ಸಾಕಾಗಿತ್ತೇ, ಅವನ್ನು ನೋಡಿಕೊಳ್ಳುವ ಹೊಣೆ ಯಾರದಾಗಿತ್ತು ಎಂಬ ಪ್ರಶ್ನೆಗಳು ವರ್ಷಗಟ್ಟಲೆ ಕೋರ್ಟಿನಲ್ಲಿ ನಡೆದವು. ಕುದುರೆಯ ದೇಹರಚನೆಯಲ್ಲಿ ವಾಂತಿ ಮಾಡುವ ಶಕ್ತಿಯೇ ಇಲ್ಲ, ಹೀಗಾಗಿ ತೂಗಾಟದಿಂದ ಅದಕ್ಕೆ ಎಷ್ಟು ಸಂಕಟವಾಗುತ್ತಿದೆಯೆಂದು ಹೊರಗಿನಿಂದ ತಿಳಿಯುವುದು ಕಷ್ಟ. ಗಂಟೆಗೊಮ್ಮೆ ಹೋಗಿ ನೋಡುವ ಮನುಷ್ಯ ಬೇಕೇ ಬೇಕು.

ವಧೆಗೆ ಹೊರಟ ಪ್ರಾಣಿಗಳ ವಿಷಯದಲ್ಲಿ ಬ್ರಿಟನ್ನಿನ ಜನ ಬೀದಿಗಿಳಿದಿದ್ದರು. ಪ್ರತಿಭಟನೆಗೆ ಮಣಿದು 1994ರಲ್ಲಿ ದೊಡ್ಡ ಫೆರಿ ಕಂಪನಿಗಳು ಅಂಥ ಸಾಗಣೆ ನಿಲ್ಲಿಸಿದಾಗ ವ್ಯಾಪಾರಿಗಳು ಸಣ್ಣ ಬಂದರುಗಳನ್ನು ಹುಡುಕಿಕೊಂಡರು. ಎಸೆಕ್ಸ್ ಜಿಲ್ಲೆಯ ಬ್ರೈಟ್ಲಿಂಗ್ಸೀ ಎಂಬ ಪುಟ್ಟ ಊರಿನಲ್ಲಿ 1995ರ ಜನವರಿಯಿಂದ ಅಕ್ಟೋಬರ್‌ವರೆಗೆ ಗೃಹಿಣಿಯರು, ಪಿಂಚಣಿದಾರರು ಸೇರಿದಂತೆ ಊರಿನವರೇ ಲಾರಿಗಳ ಮುಂದೆ ಕೂತು ದಾರಿ ತಡೆದರು. ಅದೇ ವರ್ಷ ಫೆಬ್ರವರಿ 1ರಂದು ಕವೆಂಟ್ರಿ ವಿಮಾನ ನಿಲ್ದಾಣದಲ್ಲಿ ಕರುಗಳ ಲಾರಿ ತಡೆಯಲು ಹೋದ ಜಿಲ್ ಫಿಪ್ಸ್ ಎಂಬ ಯುವತಿ ಅದರ ಚಕ್ರಕ್ಕೆ ಸಿಕ್ಕಿ ಸತ್ತರು. ಕಾನೂನು ಬರಲು ಇನ್ನೂ ಮೂರು ದಶಕ ಬೇಕಾಯಿತು. 2024ರ ಮೇ ತಿಂಗಳಲ್ಲಿ ಗ್ರೇಟ್ ಬ್ರಿಟನ್ನಿನಿಂದ ವಧೆಗೂ ಕೊಬ್ಬಿಸುವುದಕ್ಕೂ ದನ, ಕುರಿ, ಆಡು, ಹಂದಿ, ಕುದುರೆಗಳನ್ನು ಜೀವಂತ ರಫ್ತು ಮಾಡುವುದನ್ನು ನಿಷೇಧಿಸುವ ಕಾಯ್ದೆ ಬಂತು.

ದೇಶದೊಳಗಿನ ಸಮುದ್ರಯಾನಕ್ಕೆ ಆ ನಿಷೇಧ ಅನ್ವಯಿಸುವುದಿಲ್ಲ, ಅನ್ವಯಿಸಿದರೆ ಶೆಟ್ಲೆಂಡ್ ದ್ವೀಪಗಳ ಕುರಿಸಾಕಣೆಯೇ ನಿಂತುಹೋಗುತ್ತದೆ. ಸ್ಕಾಟ್ಲೆಂಡಿನ ಅಬರ್ಡೀನ್‌ನಿಂದ ಶೆಟ್ಲೆಂಡಿನ ಲರ್ವಿಕ್‌ಗೆ ನಾರ್ತ್‌ಲಿಂಕ್ ಕಂಪನಿಯ ‘ಯಾಲ್ಟ್‌ಲಂಡ್’, ‘ಹ್ರಾಸಿ’ ಹಡಗುಗಳು ರಾತ್ರಿಯೆಲ್ಲ, ಹನ್ನೆರಡರಿಂದ ಹದಿನಾಲ್ಕು ಗಂಟೆ ಸಾಗುತ್ತವೆ. ಅವುಗಳಲ್ಲಿ ನಾಯಿಗೆ ಗೂಡೂ ಉಂಟು, ಕ್ಯಾಬಿನ್ನೂ ಉಂಟು. ಕುರಿಗಳಿಗೆ ಅದೇ ಕಂಪನಿಯ ಸರಕು ಹಡಗುಗಳಿವೆ. ಹುಲ್ಲು ತೆಳುವಾದ ಆ ದ್ವೀಪಗಳಲ್ಲಿ ಚಳಿಗಾಲಕ್ಕೆ ಎಲ್ಲ ಮರಿಗಳನ್ನೂ ಉಳಿಸಿಕೊಂಡು ಮೇಯಿಸಲಾಗದು. ಪ್ರತಿ ಶರತ್ಕಾಲದಲ್ಲೂ ಸಾವಿರಾರು ಮರಿಗಳನ್ನು ಮುಖ್ಯಭೂಮಿಯ ಸಂತೆಗಳಿಗೆ ಕಳಿಸುತ್ತಾರೆ. ಇದಕ್ಕೆಂದೇ ಮಾಡಿಸಿದ ಕಂಟೈನರುಗಳು ಹಲವು ಅಂತಸ್ತಿನವು. ಕುಡಿಯುವ ನೀರಿನ ಏರ್ಪಾಡು, ಗಾಳಿ ಆಡಲು ಕಿಂಡಿ, ಗಂಜಲ ಕೆಳಗಿನ ಅಂತಸ್ತಿನ ಮೇಲೆ ಸುರಿಯದಂತೆ ಹರಿದು ಸೇರುವ ತೊಟ್ಟಿ ಎಲ್ಲ ಅವುಗಳಲ್ಲೇ ಇವೆ. ಕುರಿಗಳನ್ನು ಬಂದರಿನ ಅಂಚಿನಲ್ಲಿ ತುಂಬಿದ ಮೇಲೆ ಕಂಟೈನರೇ ಹಡಗೇರುತ್ತದೆ, ಮರಿಗಳನ್ನು ಮತ್ತೆ ಮತ್ತೆ ಹತ್ತಿಸಿ ಇಳಿಸುವ ಗೋಳಿಲ್ಲ. ಶೆಟ್ಲೆಂಡಿನ ದಕ್ಷಿಣ ತುದಿಯ ಸಂಬರಾ ಬಳಿ ಎರಡು ಪ್ರವಾಹಗಳು ಕೂಡುವ ಕಡೆ ಕಡಲು ಸದಾ ಒರಟು. ಬಿರುಗಾಳಿಯ ಮುನ್ಸೂಚನೆ ಇದ್ದ ದಿನ ಕುರಿಗಳನ್ನು ಹತ್ತಿಸುವುದಿಲ್ಲ. ಗಾಳಿ ಇಳಿಯುವವರೆಗೂ ಅವು ದಡದಲ್ಲೇ ದೊಡ್ಡಿಯಲ್ಲಿರುತ್ತವೆ, ಅಬರ್ಡೀನಿನ ಸಂತೆಯೂ ಅಲ್ಲಿಯವರೆಗೆ ಕಾಯುತ್ತದೆ.